ಟೆಕ್ಸಾಸ್‌ನಲ್ಲಿ ಬಾಣಂತಿಗೆ ಎಣ್ಣೆ ಹಚ್ಚಲಿಕ್ಕೂ ಲೈಸೆನ್ಸ್ ಬೇಕಾ?

ಸುಳ್ಯದ ಸೊಸೆ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಉಂಟು, ಬೈಯಬೇಡಿ.

ನಾನು ಡಾಕ್ಟರ್ ಅಲ್ಲ. ಪಿಯುಸಿ ಆದಮೇಲೆ ಒಂದು ವರ್ಷದ ಪಂಚಕರ್ಮ ಥೆರಪಿಸ್ಟ್ ಕೋರ್ಸ್ ಮಾಡಿ, ಮಂಗಳೂರು ಕಡೆಯ ಒಂದು ಆಯುರ್ವೇದ ಆಸ್ಪತ್ರೆಯಲ್ಲಿ ಏಳು ವರ್ಷ ದುಡಿದವಳು. ಬೆಳಿಗ್ಗೆ ಮೈಗೆಲ್ಲ ಎಣ್ಣೆ ತಿಕ್ಕುವ ಅಭ್ಯಂಗ ನಾಲ್ಕೈದು, ಮಧ್ಯಾಹ್ನ ಮೇಲೆ ಬಿಸಿ ಗಂಟು ಒತ್ತುವ ಪಿಂಡಸ್ವೇದ, ಯಾರಾದರೂ ನಿದ್ದೆ ಬಾರದವರು ಬಂದರೆ ಹಣೆಗೆ ಎಣ್ಣೆ ಹೊಯ್ಯುವ ಶಿರೋಧಾರೆ. ಊಟಕ್ಕೆ ಕೂತರೂ ಕೈಯಿಂದ ಕ್ಷೀರಬಲಾ ತೈಲದ ವಾಸನೆ ಹೋಗುತ್ತಿರಲಿಲ್ಲ. ಸಂಬಳ ಎಷ್ಟಿತ್ತು ಅಂತ ಕೇಳಬೇಡಿ.

ಮದುವೆಯಾಗಿ ಡಲ್ಲಾಸ್ ಹತ್ತಿರ ಫ್ರಿಸ್ಕೋಗೆ ಬಂದು ಮೂರು ವರ್ಷ ಆಯಿತು. ಇವರದ್ದು ಎಚ್1ಬಿ ಕೆಲಸದ ವೀಸಾ, ಗ್ರೀನ್ ಕಾರ್ಡಿಗೆ ಕಂಪನಿ ಹಾಕಿದ ಐ-140 ಅರ್ಜಿ ಅಪ್ರೂವ್ ಆಗಿದೆ. ಹೋದ ವರ್ಷ ನನಗೆ ಎಚ್4 ಇಎಡಿ, ಅಂದರೆ ಎಚ್1ಬಿಯವರ ಹೆಂಡತಿಗೆ ಕೆಲಸ ಮಾಡಲಿಕ್ಕೆ ಕೊಡುವ ಪರವಾನಗಿ, ಬಂತು. ಅಲ್ಲಿಯವರೆಗೆ ಮನೆಯಲ್ಲೇ.

ಶುರುವಾದದ್ದು ಹೀಗೆ. ನಮ್ಮ ಅಪಾರ್ಟ್‌ಮೆಂಟಿನಲ್ಲೇ ಹಾಸನದ ಹುಡುಗಿಯೊಬ್ಬಳು ಹೆತ್ತಳು, ಅವಳ ತಾಯಿಗೆ ವೀಸಾ ಸಿಗಲಿಲ್ಲ. ನಾನೇ ಹೋಗಿ ಇಪ್ಪತ್ತೊಂದು ದಿವಸ ತಾಯಿಗೂ ಮಗುವಿಗೂ ಎಣ್ಣೆ ನೀರು ಮಾಡಿದೆ. ಹಂಡೆ ಎಲ್ಲಿಂದ ತರುವುದು, ದೊಡ್ಡ ಸೂಪಿನ ಪಾತ್ರೆಯಲ್ಲಿ ನೀರು ಕಾಯಿಸಿ ಬಾತ್‌ಟಬ್ಬಿಗೆ ಹೊತ್ತು ಹೊಯ್ದದ್ದು. ಒಂದು ದಿನ ಸಾಂಬ್ರಾಣಿ ಹಾಕಿದ್ದಕ್ಕೆ ಸ್ಮೋಕ್ ಅಲಾರಂ ಹೊಡೆದುಕೊಂಡು ಕೆಳಗಿನ ಮನೆಯ ಅಜ್ಜ ಕೋಲು ಹಿಡಿದುಕೊಂಡು ಮೇಲೆ ಬಂದಿದ್ದರು. ಅದಕ್ಕೆ ಹಣ ತೆಗೆದುಕೊಂಡಿರಲಿಲ್ಲ, ಒಂದು ಸೀರೆ ಕೊಟ್ಟರು. ಅವಳು ಇನ್ನೊಬ್ಬಳಿಗೆ ಹೇಳಿದಳು, ಆ ಇನ್ನೊಬ್ಬಳು ಮತ್ತೊಬ್ಬಳಿಗೆ. ಈಗ ನಾಲ್ಕನೇ ಮನೆ ನಡೆಯುತ್ತಾ ಉಂಟು, ದಿನಕ್ಕೆ 60 ಡಾಲರ್ ಅಂತ ಅವರೇ ಮಾತಾಡಿಕೊಂಡು ಕೊಡುತ್ತಾರೆ.

ಹೋದ ವಾರ ಅವರಲ್ಲಿ ಒಬ್ಬರು ಇಲ್ಲಿನ ಇಂಡಿಯನ್ ತಾಯಂದಿರ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ನನ್ನ ಫೋನ್ ನಂಬರ್ ಹಾಕಿ "ಆಯುರ್ವೇದಿಕ್ ಪೋಸ್ಟ್‌ಪಾರ್ಟಮ್ ಮಸಾಜ್, ಮನೆಗೇ ಬರುತ್ತಾರೆ" ಅಂತ ಬರೆದರು. ಒಳ್ಳೆ ಮನಸ್ಸಿನಿಂದಲೇ. ಕೆಳಗೆ ಯಾರೋ ಒಂದೇ ಸಾಲು ಕೇಳಿದ್ದಾರೆ: ಇವರ ಹತ್ತಿರ ಲೈಸೆನ್ಸ್ ಉಂಟಾ?

ಅವತ್ತಿನಿಂದ ನನಗೆ ಸರಿ ನಿದ್ದೆ ಇಲ್ಲ. ಇವರು ಹೇಳುವುದು ಎಲ್ಲ ಬಿಟ್ಟುಬಿಡು, ಗ್ರೀನ್ ಕಾರ್ಡ್ ಸಾಲಿನಲ್ಲಿದ್ದೇವೆ ಅಂತ. ನಮ್ಮ ಅಜ್ಜಿ ಊರಿಡೀ ಬಾಣಂತನ ಮಾಡಿದವರು, ಅವರಿಗೆ ಯಾರು ಲೈಸೆನ್ಸ್ ಕೊಟ್ಟಿದ್ದರು? ಬಾಣಂತಿಗೆ ಎಣ್ಣೆ ಹಚ್ಚುವುದನ್ನೂ ಇಲ್ಲಿ ಮಸಾಜ್ ಅಂತಲೇ ಲೆಕ್ಕ ಹಿಡಿಯುತ್ತಾರಾ? ನನ್ನ ಊರಿನ ಸರ್ಟಿಫಿಕೇಟ್, ಏಳು ವರ್ಷದ ಅನುಭವ ಇದಕ್ಕೆಲ್ಲ ಏನಾದರೂ ಬೆಲೆ ಉಂಟಾ? ಮತ್ತೆ ಮೊದಲಿಂದ ಕಲಿಯಬೇಕಾದರೆ ಪರೀಕ್ಷೆ ಎಷ್ಟು ಕಷ್ಟ? ನಾನು ಹತ್ತನೆಯವರೆಗೆ ಕನ್ನಡ ಮೀಡಿಯಂ. ಯಾರಿಗಾದರೂ ನಿಜವಾಗಿ ಗೊತ್ತಿದ್ದರೆ ಹೇಳಿ, ಗೂಗಲ್ ಮಾಡು ಅಂತ ಹೇಳಬೇಡಿ, ಮಾಡಿ ಮಾಡಿ ತಲೆ ತಿರುಗಿದೆ.

ಪ್ಲೇನೋ ಬಾಯ್:

ಅಯ್ಯೋ ತಲೆ ಕೆಡಿಸ್ಕೋಬೇಡಿ ಮೇಡಂ. ಕ್ಯಾಶ್ ತಗೊಳ್ಳಿ, ಝೆಲ್‌ನಲ್ಲಿ ಬ್ಯಾಂಕಿಗೆ ಹಾಕಿಸ್ಕೋಬೇಡಿ. "ಮಸಾಜ್" ಅನ್ನೋ ಪದ ತೆಗೆದು "ಆಯಿಲ್ ಥೆರಪಿ" ಅಂತ ಹಾಕಿ, ಮುಗೀತು. ನಮ್ಮ ಮಗು ಹುಟ್ಟಿದಾಗ ಗುಜರಾತಿ ಆಂಟಿ ಒಬ್ಬರು ಬರ್ತಿದ್ರು, ಯಾವ ಲೈಸೆನ್ಸೂ ಇರ್ಲಿಲ್ಲ, ಏನೂ ಆಗಿಲ್ಲ. ಯಾರು ಬಂದು ನೋಡ್ತಾರೆ?

ತೀರ್ಥಹಳ್ಳಿ ಅಕ್ಕ:

ಸುಳ್ಯದವರೇ, ಮೊದಲು ಆ ಗ್ರೂಪಿನ ಪೋಸ್ಟ್ ತೆಗೆಸಿ. ಇದನ್ನು ಓದೋದು ಆಮೇಲೆ.

ತೆಗೆಸಿ ಬಂದ್ರಾ? ಸರಿ, ಈಗ ಕೂತ್ಕೊಳ್ಳಿ.

ನಾನು ಹ್ಯೂಸ್ಟನ್ ಹತ್ತಿರ ಇರೋದು, 2016ರಿಂದ ಲೈಸೆನ್ಸ್ ಇರೋ ಮಸಾಜ್ ಥೆರಪಿಸ್ಟ್. ವಾರಕ್ಕೆ ಮೂರು ದಿನ ಬೆನ್ನುಮೂಳೆ ಸರಿ ಮಾಡೋ ಒಬ್ಬ ಕೈರೋಪ್ರಾಕ್ಟರ್ ಕ್ಲಿನಿಕ್ಕಲ್ಲಿ, ಮಿಕ್ಕಿದ ದಿನ ಸ್ವಂತ. ನಾನು ಸೇರಿದಾಗ ಮಸಾಜ್ ರಾಜ್ಯದ ಆರೋಗ್ಯ ಇಲಾಖೆ ಕೈಲಿತ್ತು. 2017ರ ನವೆಂಬರಿಂದ ಟಿಡಿಎಲ್ಆರ್‌ಗೆ ಹೋಯ್ತು, ಅಂದ್ರೆ ಎಲೆಕ್ಟ್ರಿಷಿಯನ್, ಬಾರ್ಬರ್, ಕೆಟ್ಟ ಕಾರು ಎಳ್ಕೊಂಡು ಹೋಗೋ ಟೋ ಟ್ರಕ್, ಎಲ್ಲರಿಗೂ ಲೈಸೆನ್ಸ್ ಕೊಡೋ ಇಲಾಖೆ. ನಮ್ಮನ್ನು ಆಸ್ಪತ್ರೆ ಪಂಕ್ತಿಯಿಂದ ಎಬ್ಬಿಸಿ ಟೋ ಟ್ರಕ್ಕಿನ ಪಕ್ಕ ಎಲೆ ಹಾಕಿದ್ರು ಅಂತ ನನಗೆ ಇವತ್ತಿಗೂ ಸಿಟ್ಟು. ಇರಲಿ.

ಪ್ಲೇನೋ ಬಾಯ್ ಹೇಳಿದ ಉಪಾಯ ಮರೆತುಬಿಡಿ. ಟೆಕ್ಸಾಸ್‌ನ ಮಸಾಜ್ ಕಾನೂನು ಆಕ್ಯುಪೇಷನ್ಸ್ ಕೋಡ್‌ನ 455ನೇ ಅಧ್ಯಾಯ. ಅದನ್ನು ಬರೆದವರು ನಮ್ಮಂಥ ಜಾಣರನ್ನು ಮೊದಲೇ ನೋಡಿದ್ದಾರೆ. ಹಣ ತಗೊಂಡು, ಆರೋಗ್ಯಕ್ಕೆ ಒಳ್ಳೇದು ಅಂತ ಹೇಳಿ, ಇನ್ನೊಬ್ಬರ ಮೈ ಮುಟ್ಟಿ ಮಾಡೋ ಯಾವ ಸೇವೆಗೂ ಈ ಲೈಸೆನ್ಸ್ ಬೇಕು, ಇಲ್ಲಾ ಬೇರೆ ಕಾನೂನಿನ ಕೆಳಗೆ ಅನುಮತಿ ಇರಬೇಕು. "ಮಸಾಜ್" ಅನ್ನೋ ಪದದ ಮೇಲೆ ನಿಂತಿಲ್ಲ ಅದು. ನೀವು ಅಭ್ಯಂಗ ಅನ್ನಿ, ಎಣ್ಣೆ ನೀರು ಅನ್ನಿ, ಬಾಣಂತಿ ಆರೈಕೆ ಅನ್ನಿ, 60 ಡಾಲರ್ ಕೈಗೆ ಬಂದ ಕೂಡಲೇ ಒಳಗೆ ಬಂದ್ರಿ. ಗೆಳತಿಗೆ ಪುಕ್ಕಟೆ ಮಾಡಿಕೊಟ್ಟದ್ದು ಬೇರೆ ವಿಷಯ. ಆದ್ರೆ ಅರಿಶಿನ ಕುಂಕುಮದ ಜೊತೆ ಕವರಲ್ಲಿ ನೋಟಿಟ್ಟು ಕೊಟ್ರೆ ಅದು ಉಡುಗೊರೆ ಅಂತ ಇನ್‌ಸ್ಪೆಕ್ಟರಿಗೆ ಒಪ್ಪಿಸೋದು ಹೇಗೆ ಅಂತ ನೀವೇ ಯೋಚನೆ ಮಾಡಿ.

"ಯಾರು ಬಂದು ನೋಡ್ತಾರೆ" ಅನ್ನೋ ಮಾತು ಸಿಟಿಜನ್‌ಗೆ ಸರಿ. ನಿಮ್ಮ ಯಜಮಾನರು ಭಯ ಪಡೋದರಲ್ಲಿ ಅರ್ಥ ಇದೆ. ಗ್ರೀನ್ ಕಾರ್ಡಿಗೆ ಹಾಕೋ ಐ-485 ಅರ್ಜೀಲಿ ಎಂದಾದರೂ ಬಂಧನ ಆಗಿತ್ತಾ, ಸೈಟೇಷನ್, ಅಂದ್ರೆ ನಿಯಮ ಮುರಿದದ್ದಕ್ಕೆ ಚೀಟಿ, ಬಂದಿತ್ತಾ, ಆರೋಪ ಹೊರಿಸಿದ್ರಾ ಅಂತ ಕೇಳ್ತಾರೆ. ದಂಡ ಕಟ್ಟಿ ಮುಗಿಸಿದ್ರೂ "ಹೌದು" ಅಂತ ಬರೆಯಬೇಕು. ಅದರಲ್ಲೂ ಮಸಾಜ್ ಅನ್ನೋ ಪದ. ಈ ದೇಶದಲ್ಲಿ ಮಸಾಜ್ ಕಾನೂನು ಮತ್ತು ಮನುಷ್ಯರ ಸಾಗಾಣಿಕೆ ತಡೆಯೋ ಕಾನೂನು ಒಂದಕ್ಕೊಂದು ಹೆಣ್ಕೊಂಡಿವೆ. ಲೈಸೆನ್ಸಿಗೆ ಬೆರಳಚ್ಚು ಕೊಡಬೇಕು, ಸಾಗಾಣಿಕೆ ಬಗ್ಗೆ ತರಬೇತಿ ಆಗಬೇಕು, ಮಸಾಜ್ ಅಂಗಡಿ ಗೋಡೆ ಮೇಲೆ ಸಹಾಯವಾಣಿ ನಂಬರಿನ ಬೋರ್ಡ್ ಹಾಕಬೇಕು. ನಾವು ಎಣ್ಣೆ ಮುಟ್ಟೋ ಮುಂಚೆ ಬಾಗಿಲಿಗೆ ಕೈ ಮುಗಿಯೋರು, ಇಲ್ಲಿ ಅನುಮಾನದಿಂದ ಪಾಠ ಶುರು. ಮೊದಲ ವಾರ ನನಗೆ ಅವಮಾನ ಆದ ಹಾಗಿತ್ತು. ಆಮೇಲೆ ನಮ್ಮ ಕ್ಲಾಸಿಗೆ ಬಂದ ಒಬ್ಬರು ಹೆಣ್ಣುಮಕ್ಕಳನ್ನು ಪಾಸ್‌ಪೋರ್ಟ್ ಕಿತ್ಕೊಂಡು ಅಂಗಡಿ ಒಳಗೇ ಮಲಗಿಸೋ ಕಥೆ ಹೇಳಿದ್ರು. ಆ ಅನುಮಾನದ ಬಗ್ಗೆ ಗೊಣಗೋದು ಅವತ್ತಿಗೆ ಬಿಟ್ಟೆ.

ಈಗ ಕಲಿಯೋದರ ವಿಷಯ. ಟೆಕ್ಸಾಸ್‌ಗೆ 500 ಗಂಟೆ, ರಾಜ್ಯದ ಲೈಸೆನ್ಸ್ ಇರೋ ಶಾಲೇಲಿ. ಸ್ಟೂಡೆಂಟ್ ಪರ್ಮಿಟ್ ಕೂಡ ತಗೋಬೇಕು. ಇದರಲ್ಲಿ 200 ಗಂಟೆ ಕೈಕೆಲಸ, ಅದರಲ್ಲಿ 125 ಗಂಟೆ ಬರೀ ಸ್ವೀಡಿಷ್, ಅಂದ್ರೆ ಇಲ್ಲಿನ ಮಾಮೂಲಿ ಮಸಾಜ್ ಪದ್ಧತಿ. ಎಫ್ಲುರಾಜ್, ಪೆಟ್ರಿಸಾಜ್, ಟಪೋಟ್ಮೆಂಟ್ ಅಂತ ಹೆಸರು ಕೇಳಿ ಹೆದರಬೇಡಿ, ಸವರೋದು, ನಾದೋದು, ತಟ್ಟೋದು ಅಷ್ಟೇ. ಚಪಾತಿ ಹಿಟ್ಟು ನಾದಿದವಳಿಗೆ ಪೆಟ್ರಿಸಾಜ್ ಯಾರೂ ಕಲಿಸಬೇಕಿಲ್ಲ. ಮಿಕ್ಕಿದ್ದರಲ್ಲಿ ಶರೀರ ರಚನೆಯ ಅನಾಟಮಿ 50, ಮೈ ಚಲನೆಯ ಕಿನೀಸಿಯಾಲಜಿ 50, ರೋಗಗಳ ಬಗ್ಗೆ ಹೇಳೋ ಪ್ಯಾಥಾಲಜಿ 40, ಕಾನೂನು, ವ್ಯವಹಾರ, ನೀತಿ ಸೇರಿ 45, ನೀರಿನ ಚಿಕಿತ್ಸೆಗೆ 20, ಕೊನೆಗೆ 50 ಗಂಟೆ ಇಂಟರ್ನ್‌ಶಿಪ್. ನಿಮ್ಮ ಏಳು ವರ್ಷಕ್ಕೆ ಬೆಲೆ ಇದೆಯಾ ಅಂದ್ರೆ, ನಾನು ಊರಲ್ಲಿ ಕಲಿತು ಬಂದದ್ದರಲ್ಲಿ ನನ್ನ ಶಾಲೆಯವರು ಒಂದು ಗಂಟೆಯನ್ನೂ ಹಿಡೀಲಿಲ್ಲ. ಕಾಗದ ನೋಡಿ "ತುಂಬಾ ಚೆನ್ನಾಗಿದೆ" ಅಂತ ವಾಪಸ್ ಕೊಟ್ರು. ಅಷ್ಟಕ್ಕೂ ಏಳು ಸಾವಿರ ಡಾಲರಿನ ಹತ್ತಿರ ಖರ್ಚಾಯ್ತು. ಸಂಜೆ ಕ್ಲಾಸ್, ಹತ್ತು ತಿಂಗಳು. ನನ್ನ ಪಕ್ಕದ ಟೇಬಲ್ಲಿನವನು ಮಾಜಿ ಲಾರಿ ಡ್ರೈವರ್, ಬೆನ್ನು ಹಿಡ್ಕೊಂಡು ಕೆಲಸ ಬಿಟ್ಟವನು. ನನ್ನ ಅಭ್ಯಂಗದ ಕೈ ನೋಡಿ ಪ್ರತಿ ಸಲ ನನ್ನ ಜೊತೇನೇ ಜೋಡಿ ಆಗಬೇಕು ಅಂತ ಹಟ ಹಿಡೀತಿದ್ದ.

ನಿಮಗೆ ಅತಿ ಕಷ್ಟ ಆಗೋದು ಯಾವುದು ಗೊತ್ತಾ? ಹೊದಿಕೆ. ನಮ್ಮಲ್ಲಿ ಕೌಪೀನ ಕಟ್ಟಿ ದ್ರೋಣಿ ಮೇಲೆ ಮಲಗಿಸಿದ್ರೆ ಎಣ್ಣೆ ಇಡೀ ಮೈಗೆ. ಇಲ್ಲಿ ಕೆಲಸ ಮಾಡ್ತಿರೋ ಭಾಗ ಮಾತ್ರ ತೆರೆದು, ಮಿಕ್ಕದ್ದು ಶೀಟಿನ ಕೆಳಗೆ. ಒಂದು ಕಾಲಿಂದ ಇನ್ನೊಂದು ಕಾಲಿಗೆ ಹೋಗೋವಾಗ ಶೀಟ್ ಮಡಿಸೋದನ್ನು ಕಲಿಯೋಕೆ ನನಗೆ ಎರಡು ವಾರ ಬೇಕಾಯ್ತು. ಶೀಟಿಗೆಲ್ಲ ಎಣ್ಣೆ, ಟೀಚರ್ ಮುಖ ನೋಡಬೇಕಿತ್ತು. ಮೊದಲ ಸಲ ಬಂದವರ ಹತ್ತಿರ ಕೂತು ಮಾತಾಡಿ, ಎಲ್ಲಿ ಮುಟ್ತೀನಿ, ಎಲ್ಲಿ ಮುಟ್ಟಲ್ಲ, ಬೇಡ ಅನ್ನಿಸಿದ್ರೆ ಯಾವಾಗ ಬೇಕಾದ್ರೂ ನಿಲ್ಲಿಸಬಹುದು ಅಂತ ಬರೆದ ಕಾಗದಕ್ಕೆ ಇಬ್ಬರೂ ಸಹಿ ಹಾಕಬೇಕು. ಹೆಂಗಸರ ಎದೆಗೆ ಕೈ ಹಾಕೋ ಹಾಗಿದ್ರೆ ಅದಕ್ಕೆ ಲಿಖಿತ ಒಪ್ಪಿಗೆ ಬೇಕು. ಬಾಣಂತಿಗೆ ಹಾಲು ಕಟ್ಟಿಕೊಂಡಾಗ ಅಜ್ಜಿ ಏನು ಮಾಡ್ತಿದ್ರು ನೆನಪಿದೆಯಲ್ಲ? ಅದನ್ನೇ ಇಲ್ಲಿ ಕೇಳದೆ ಮಾಡಿದ್ರೆ ದೊಡ್ಡ ತಪ್ಪು.

ಇಷ್ಟು ಗೊಣಗಿದ ಮೇಲೆ ಇನ್ನೊಂದು ಹೇಳ್ಲೇಬೇಕು. ಪ್ಯಾಥಾಲಜಿಯ ಆ 40 ಗಂಟೆಗೆ ನಾನು ಇವತ್ತೂ ದುಡ್ಡು ಕಟ್ಟೋಕೆ ತಯಾರು.

ಶಾಲೆ ಮುಗಿದು ನಾಲ್ಕು ತಿಂಗಳಾಗಿತ್ತು. ನಮ್ಮ ಬೀದಿಯ ಒಬ್ಬರ ಅತ್ತೆ ಬೆಂಗಳೂರಿಂದ ಬಂದಿಳಿದ್ರು. ವಿಮಾನದಲ್ಲಿ ಕಾಲು ಮಡಚಿ ಕೂತು ಹಿಡ್ಕೊಂಡಿದೆ, ಸ್ವಲ್ಪ ಎಣ್ಣೆ ಕಾಯಿಸಿ ತಿಕ್ಕಮ್ಮಾ ಅಂತ ಕರೆದ್ರು. ಹೋದೆ. ಸೀರೆ ಮೇಲೆತ್ತಿ ನೋಡಿದ್ರೆ ಎಡ ಮೀನಖಂಡ ಮಾತ್ರ ದಪ್ಪ, ಮುಟ್ಟಿದ್ರೆ ಬಿಸಿ, ಬಲಗಾಲು ಮಾಮೂಲಿ. ಶಾಲೆಗೆ ಹೋಗೋ ಮುಂಚಿನ ನಾನಾಗಿದ್ರೆ ಒಲೆ ಹಚ್ಚಿರ್ತಿದ್ದೆ. ನಾನು ಮುಟ್ಟಲ್ಲ, ಈಗಲೇ ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ ಅಂದೆ. ಅವರಿಗೆ ಬೇಜಾರು, ಇನ್ಶೂರೆನ್ಸ್ ಇಲ್ದೆ ಎಮರ್ಜೆನ್ಸಿಗೆ ಕಳಿಸ್ತಾಳೆ ಅಂತ ಬೈದ್ರು ಕೂಡ. ಸ್ಕ್ಯಾನ್ ಮಾಡಿದ್ರೆ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಡಿವಿಟಿ ಅಂತಾರೆ. ಅದನ್ನು ತಿಕ್ಕಿದ್ರೆ ಗಡ್ಡೆ ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು.

ಇದನ್ನು ಯಾಕೆ ಇಷ್ಟು ಉದ್ದ ಹೇಳ್ತಿದ್ದೀನಿ ಅಂದ್ರೆ, ಹೆತ್ತ ಮೇಲಿನ ಮೊದಲ ಆರು ವಾರ ಈ ಗಡ್ಡೆ ಕಟ್ಟೋ ಅಪಾಯ ಹೆಂಗಸರಿಗೆ ತುಂಬಾ ಜಾಸ್ತಿ, ಸಿಸೇರಿಯನ್ ಆದವರಿಗೆ ಇನ್ನೂ. ನಿಮ್ಮ ಗಿರಾಕಿಗಳು ಪೂರಾ ಅವರೇ. ಈಗ ಹೋಗ್ತಿರೋ ನಾಲ್ಕನೇ ಮನೆಯವರ ಎರಡೂ ಕಾಲು ಪಕ್ಕಪಕ್ಕ ಇಟ್ಟು ನೋಡಿದ್ದೀರಾ, ಹೇಳಿ.

ಪರೀಕ್ಷೆ ಹೆಸರು ಎಂಬ್ಲೆಕ್ಸ್, 100 ಪ್ರಶ್ನೆ, ಕಂಪ್ಯೂಟರ್ ಮುಂದೆ, ಬರೀ ಆಯ್ಕೆ ಉತ್ತರ. ಫೀಸು ಈಗ 265 ಡಾಲರ್, ಫೇಲಾದ್ರೆ ಒಂದು ತಿಂಗಳು ಕಾದು ಮತ್ತೆ ಕಟ್ಟಬೇಕು. ಇಂಗ್ಲಿಷ್ ಅಥವಾ ಸ್ಪಾನಿಷ್, ಕನ್ನಡ ಇಲ್ಲ ತಂಗಿ. ನಾನೂ ಕನ್ನಡ ಮೀಡಿಯಮ್ಮೇ. ಎಲ್ಲರೂ ಮಾಂಸಖಂಡದ ಹೆಸರು ಬಾಯಿಪಾಠ ಹೊಡೀತಾ ಕೂರ್ತಾರೆ, ಆದ್ರೆ ಶರೀರ ರಚನೆಯದ್ದು ನೂರಕ್ಕೆ 11 ಅಷ್ಟೇ. ನೀತಿ, ಗಡಿ, ಕಾನೂನಿನದ್ದು 16, ಗಿರಾಕಿಯನ್ನು ಪರೀಕ್ಷಿಸಿ ಯೋಜನೆ ಹಾಕೋದು 17. "ಗಿರಾಕಿ ಊಟಕ್ಕೆ ಕರೆದರೆ ನೀನು ಏನು ಮಾಡುತ್ತೀಯ" ಅನ್ನೋ ಥರದ ಪ್ರಶ್ನೆ. ನಮ್ಮೂರಲ್ಲಿ ಊಟಕ್ಕೆ ಕರೆದ್ರೆ ಹೋಗ್ತೀವಿ, ಇಲ್ಲಿ ಹೋಗಬಾರದು. ನಾನು ಅಭ್ಯಾಸದ ಪರೀಕ್ಷೇಲಿ ಮೂರು ಸಲ ಊಟಕ್ಕೆ ಹೋಗಿ ಮಾರ್ಕ್ಸ್ ಕಳ್ಕೊಂಡೆ. ಇದಾದ ಮೇಲೆ ಟೆಕ್ಸಾಸ್ ಕಾನೂನಿನ ಮೇಲೆ ಚಿಕ್ಕದೊಂದು ಪರೀಕ್ಷೆ. ಲೈಸೆನ್ಸ್ ಫೀಸು 100 ಡಾಲರ್, ಎರಡು ವರ್ಷಕ್ಕೆ. ಪ್ರತಿ ನವೀಕರಣಕ್ಕೂ 12 ಗಂಟೆ ಹೊಸದಾಗಿ ಏನಾದ್ರೂ ಕಲಿತು ತೋರಿಸಬೇಕು. ಒಬ್ಬಳೇ ಸ್ವಂತ ಮಾಡ್ಕೊಂಡಿದ್ರೆ ಅಂಗಡಿಯ ಬೇರೆ ಲೈಸೆನ್ಸ್ ಬೇಡ.

ಅಲ್ಲಿಯವರೆಗೆ ಬಾಣಂತಿ ಅಡುಗೆ ಮಾಡಿ, ಮೆಂತ್ಯದ ಉಂಡೆ ಕಟ್ಟಿ, ರಾತ್ರಿ ಮಗು ನೋಡ್ಕೊಳ್ಳಿ. ಅದಕ್ಕೆ ಹಣ ತಗೊಳ್ಳೋಕೆ ಮಸಾಜ್ ಲೈಸೆನ್ಸ್ ಬೇಡ, ಇಎಡಿ ಇದೆಯಲ್ಲ. ಝೆಲ್ಲಲ್ಲೇ ತಗೊಳ್ಳಿ, ಟ್ಯಾಕ್ಸ್ ತೋರಿಸಿ.

ಮಂಡ್ಯದ ಗೌಡ:

ಅಕ್ಕ ಹೇಳಿದ್ದೆಲ್ಲ ಸರಿ, ಒಂದು ಮಾತು ಬಿಟ್ಟಿದ್ದಾರೆ. ಇದೇ ಟಿಡಿಎಲ್ಆರ್ ಮೇಲೆ ಹುಬ್ಬಿಗೆ ದಾರ ಹಾಕೋ ನಮ್ಮ ದೇಸಿಗಳೇ ಕೇಸ್ ಹಾಕಿ ಗೆದ್ದವ್ರೆ ಕಣ್ರೀ. ಥ್ರೆಡಿಂಗ್ ಮಾಡೋಕೆ 750 ಗಂಟೆ ಬ್ಯೂಟಿ ಕೋರ್ಸ್ ಮಾಡಬೇಕು ಅಂತಿತ್ತು ರಾಜ್ಯ. ಒಂದು ದಾರ, ಎರಡು ಕೈ, ಅದಕ್ಕೆ 750 ಗಂಟೆ! ಆಶಿಶ್ ಪಟೇಲ್ ಮತ್ತೆ ಇನ್ನೊಂದಷ್ಟು ಜನ 2009ರಲ್ಲಿ ಕೋರ್ಟಿಗೆ ಹೋದ್ರು, 2015ರಲ್ಲಿ ಟೆಕ್ಸಾಸ್ ಸುಪ್ರೀಂ ಕೋರ್ಟ್ ಇದು ಅತಿಯಾಯ್ತು, ರಾಜ್ಯದ ಸಂವಿಧಾನಕ್ಕೆ ವಿರುದ್ಧ ಅಂತ ಹೇಳ್ತು. ಕೂದಲು ಹೆಣೆಯೋರಿಗೂ ಅದೇ ವರ್ಷ ಲೈಸೆನ್ಸ್ ಕಿತ್ತಾಕಿದ್ರು. ಬಾಣಂತಿಗೆ ಎಣ್ಣೆ ಹಚ್ಚೋರು ಯಾಕೆ ಕೇಳಬಾರದು? 125 ಗಂಟೆ ಸ್ವೀಡನ್ ದೇಶದ್ದು ಕಲಿತು ನಮ್ಮ ಅಜ್ಜಿ ಕೆಲಸ ಮಾಡೋದು ಯಾವ ನ್ಯಾಯ? ಈ ಶಾಲೆಗಳಿಗೆ ಫೀಸು ತುಂಬಿಸೋಕೆ ಮಾಡಿರೋ ಕಾನೂನು ಇದು.

ತೀರ್ಥಹಳ್ಳಿ ಅಕ್ಕ:

ಗೌಡ್ರೇ, ಆ ಕೇಸು ನನಗೂ ಇಷ್ಟ. ಶಾಲೆಗಳಿಗೆ ಲಾಭ ಇದೆ ಅನ್ನೋದನ್ನೂ ಒಪ್ತೀನಿ, ನನ್ನ ಏಳು ಸಾವಿರ ಎಲ್ಲಿಗೆ ಹೋಯ್ತು ನನಗೆ ಗೊತ್ತು. ಆದ್ರೆ ಅಲ್ಲಿ ಕೋರ್ಟಿನ ಮುಂದೆ ಬಂದ ಮಾತು, ಆ 750 ಗಂಟೇಲಿ ದಾರ ಹಿಡಿಯೋದಕ್ಕೆ ಸಂಬಂಧವೇ ಇಲ್ಲದ್ದು ಬಹಳ ಇದೆ ಅನ್ನೋದು. ಹುಬ್ಬು ಕಿತ್ತರೆ ಯಾರ ಶ್ವಾಸಕೋಶಕ್ಕೂ ಗಡ್ಡೆ ಹೋಗಲ್ಲ. ನಾನು ನ್ಯಾಯಾಧೀಶಳಾಗಿದ್ರೆ ಸ್ವೀಡಿಷ್ ಅರ್ಧ ಮಾಡಿ, ಊರಿಂದ ಕಲಿತು ಬಂದವರಿಗೆ ಕೈಕೆಲಸದ ಪರೀಕ್ಷೆ ಇಟ್ಟು ಬಿಡ್ತಿದ್ದೆ, ಪ್ಯಾಥಾಲಜಿ ಮಾತ್ರ ಎಂಬತ್ತು ಗಂಟೆ ಮಾಡ್ತಿದ್ದೆ. ಅಲ್ಲದೆ ಆ ಕೇಸಿಗೆ ಐದು ವರ್ಷದ ಮೇಲಾಯ್ತು. ಎಚ್4ಲ್ಲಿ ಇರೋ ಹುಡುಗಿ ರಾಜ್ಯದ ಮೇಲೆ ಕೇಸು ಹಾಕಲಿ ಅಂತ ನಾವು ಸೋಫಾ ಮೇಲೆ ಕೂತು ಹೇಳೋದು ಸುಲಭ.

ಸುಳ್ಯದವರೇ, ಬರೆಯೋದು ಮರೆತಿದ್ದೆ. ಯಜಮಾನರ ಪ್ರಾಜೆಕ್ಟ್ ಬೇರೆ ರಾಜ್ಯಕ್ಕೆ ಹೋಗೋ ಹಾಗಿದ್ರೆ ಈಗಲೇ ಯೋಚಿಸಿ. ಟೆಕ್ಸಾಸ್ ಲೈಸೆನ್ಸ್ ಟೆಕ್ಸಾಸ್‌ಗೆ ಮಾತ್ರ. ನ್ಯೂಯಾರ್ಕ್ 1000 ಗಂಟೆ ಕೇಳುತ್ತೆ, ಮಿಷಿಗನ್ 625, ನ್ಯೂಜೆರ್ಸಿ ಮತ್ತು ಫ್ಲೋರಿಡಾ ನಮ್ಮ ಹಾಗೇ 500. ಕಾನ್ಸಾಸ್, ವಯೋಮಿಂಗ್ ಕಡೆ ರಾಜ್ಯದ ಲೈಸೆನ್ಸೇ ಇಲ್ಲ, ಊರಿನ ನಿಯಮ ಇರುತ್ತೆ. ಒಂದು ಲೈಸೆನ್ಸಲ್ಲಿ ಹಲವು ರಾಜ್ಯ ಅಂತ ಒಂದು ಒಪ್ಪಂದ ಹೊರಟಿದೆ, 2023ರಲ್ಲಿ ನೆವಾಡಾ ಮೊದಲು ಸೇರ್ತು, ಅದಕ್ಕೂ 625 ಗಂಟೆ ಬೇಕು. ನಿಮ್ಮ ಹತ್ತಿರದ ಶಾಲೇಲಿ ಸ್ವಲ್ಪ ಹೆಚ್ಚು ಗಂಟೆಯ ಕೋರ್ಸ್ ಇದ್ರೆ ಅದನ್ನೇ ಹಿಡೀರಿ. ಒಮ್ಮೆ ಬಿಟ್ಟ 125 ಗಂಟೆ ಆಮೇಲೆ ತುಂಬೋದು ಎಷ್ಟು ಕಷ್ಟ ಅಂತ ನನ್ನ ಕ್ಲಾಸ್‌ಮೇಟ್ ಒಬ್ಬಳನ್ನು ನೋಡಿದ್ದೀನಿ.

ಹುಬ್ಬಳ್ಳಿ ವೈದ್ಯೆ:

ನಾ ಹುಬ್ಬಳ್ಳಿಯಾಕಿ, ಬಿಎಎಮ್ಎಸ್ ಮಾಡಿ ಆರು ವರ್ಷ ಪ್ರಾಕ್ಟೀಸ್ ಮಾಡಿ ಕ್ಯಾಲಿಫೋರ್ನಿಯಾಕ್ಕ ಬಂದಾಕಿ. ಅಕ್ಕಾರು ಟೆಕ್ಸಾಸ್‌ದು ಛಲೋ ಹೇಳ್ಯಾರ, ನಾ ಆಯುರ್ವೇದದ್ದು ಒಂದೆರಡು ಮಾತು ಹೇಳ್ತೀನಿ.

ಅಮೆರಿಕಾದಾಗ ಆಯುರ್ವೇದಕ್ಕ ಯಾವ ರಾಜ್ಯದಾಗೂ ಲೈಸೆನ್ಸ್ ಇಲ್ಲ. ಅಂದಮ್ಯಾಲೆ ನಾ ಡಾಕ್ಟರೂ ಅಲ್ಲ ಇಲ್ಲಿ. ನಮ್ಮ ರಾಜ್ಯದಾಗ 2003ರಿಂದ ಒಂದು ಕಾನೂನು ಐತಿ, ನಾನು ಲೈಸೆನ್ಸ್ ಇರೋ ವೈದ್ಯೆ ಅಲ್ಲ, ನಾ ಮಾಡೋ ಚಿಕಿತ್ಸೆಗೆ ರಾಜ್ಯದ ಲೈಸೆನ್ಸ್ ಇಲ್ಲ ಅಂತ ಬರೆದ ಕಾಗದ ಕೊಟ್ಟು ಗಿರಾಕಿ ಕಡೆ ಸಹಿ ತಗೊಂಡ್ರ ಆಹಾರ, ದಿನಚರಿ ಹೇಳಬಹುದು. ಮೊದಲನೇ ಸಲ ಆ ಕಾಗದ ಟೈಪ್ ಮಾಡುವಾಗ ನನಗ ಕಣ್ಣಾಗ ನೀರು ಬಂದಿದ್ವು, ಸುಳ್ಳು ಹೇಳೂದಿಲ್ಲ. ಮಸಾಜ್‌ಗೆ ಇಲ್ಲಿ ಬ್ಯಾರೆ ಪದ್ಧತಿ. 2009ರಿಂದ ಸಿಎಎಮ್‌ಟಿಸಿ ಅಂತ ಒಂದು ಸಂಸ್ಥೆ 500 ಗಂಟೆ ನೋಡಿ ಸರ್ಟಿಫಿಕೇಟ್ ಕೊಡ್ತದ, ಕಡ್ಡಾಯ ಅಲ್ಲ, ಈಗ ಪರೀಕ್ಷೆನೂ ಕೇಳೂದಿಲ್ಲ. ಆದ್ರ ಅದಿಲ್ಲದಿದ್ರ ಊರೂರಿಗೂ ಅಲ್ಲಿನ ಪರ್ಮಿಟ್ ಹಿಂದ ಓಡಬೇಕು, ಹಿಂಗಾಗಿ ಎಲ್ಲಾರೂ ಅದನ್ನ ತಗೋತಾರ.

ಸುಳ್ಯದ ತಂಗಿ, ನೀ ಲೈಸೆನ್ಸ್ ತಗೊಂಡ ಮ್ಯಾಲೂ ಎರಡು ಕೆಲಸ ಮಾಡಬ್ಯಾಡ. ಬಸ್ತಿ, ಅಂದ್ರ ಎನಿಮಾ, ಕೊಡಬ್ಯಾಡ, ಅದು ಮಸಾಜ್ ಅಲ್ಲ, ಯಾರು ಎಷ್ಟು ಬೇಡಿಕೊಂಡ್ರೂ. ಮತ್ತ ಇದು ಸಂಧಿವಾತ, ಇಷ್ಟು ದಿನದಾಗ ವಾಸಿ ಮಾಡ್ತೀನಿ ಅಂತ ಬಾಯಿ ಬಿಡಬ್ಯಾಡ. ಟೆಕ್ಸಾಸ್ ಕಾನೂನಿನಾಗ "ಥೆರಪಿ" ಅನ್ನೋ ಶಬ್ದ ಐತಿ, ಖರೆ, ಆದ್ರ ರೋಗ ಗುರುತಿಸೂದು, ರೋಗಕ್ಕ ಚಿಕಿತ್ಸೆ ಕೊಡೂದು ಅದರಾಗ ಬರೂದಿಲ್ಲ ಅಂತ ಬಿಡಿಸಿ ಬರ್ದಾರ. ನಮ್ಮ ಮಂದಿ ಟೇಬಲ್ ಮ್ಯಾಲೆ ಮಲಗಿದ ಕೂಡ್ಲೇ "ನನಗೇನಾಗೇದ ಹೇಳ್ರಿ" ಅಂತ ಶುರು ಮಾಡ್ತಾರ. ನಕ್ಕು ಸುಮ್ಮನಾಗೂದ ಕಲಿ.

ಸುಳ್ಯದ ಸೊಸೆ:

ಎಲ್ಲರಿಗೂ ತುಂಬಾ ಉಪಕಾರ ಆಯಿತು. ಪೋಸ್ಟ್ ಅವತ್ತೇ ತೆಗೆಸಿದೆ.

ಅಕ್ಕ, ನಿಮ್ಮ ಕಾಲಿನ ಮಾತು ಓದಿ ನನಗೆ ಹೊಟ್ಟೆಯೊಳಗೆ ಒಂಥರಾ ಆಯಿತು. ಬೆಳಿಗ್ಗೆ ಹೋದವಳೇ ಮೊದಲು ಆ ಹುಡುಗಿಯ ಎರಡೂ ಕಾಲು ನೋಡಿದೆ. ಸಮ ಉಂಟು, ದೇವರ ದಯೆ. ಆದರೂ ಅವಳ ಡಾಕ್ಟರಿಗೆ ಒಂದು ಮಾತು ಕೇಳು ಅಂತ ಹೇಳಿ, ಇವತ್ತಿನಿಂದ ಎಣ್ಣೆ ಇಲ್ಲ, ಅಡುಗೆ ಮಾತ್ರ ಅಂತ ಹೇಳಿದೆ. ಅವಳಿಗೆ ಬೇಸರ ಆಯಿತು. ಅಲ್ಲಿಯೇ ಸ್ಟೂಲಿನ ಮೇಲೆ ಧಾನ್ವಂತರಂ ತೈಲದ ಬಾಟ್ಲಿ ಅರ್ಧ ಉಳಿದದ್ದು ಇತ್ತು, ನನ್ನ ಗಂಡ ಹಚ್ಚಬಹುದಾ ಅಂತ ಕೇಳಿದಳು. ಅದು ನಿಮ್ಮ ಮನೆ ವಿಷಯ ಅಂದೆ.

ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ ಚೀಟಿ ಬರೆದ ಮೇಲೆ ನಾವು ಎಣ್ಣೆ ಮುಟ್ಟುತ್ತಿದ್ದದ್ದು. ಏಳು ವರ್ಷ ಆ ಚೀಟಿ ನೋಡಿದ್ದೇನೆ, ಅದನ್ನು ಯಾಕೆ ಬರೆಯುತ್ತಾರೆ ಅಂತ ನಾನು ಕೇಳಿದ್ದೇ ಇಲ್ಲ. ಇಲ್ಲಿ ಮನೆಮನೆಗೆ ಹೋಗುವಾಗ ಆ ಚೀಟಿ ಇಲ್ಲ ಅಂತಲೂ ಹೊಳೆದಿರಲಿಲ್ಲ.

ಲೂಯಿಸ್‌ವಿಲ್ ಕಡೆ ಒಂದು ಶಾಲೆಗೆ ಫೋನ್ ಮಾಡಿದೆ. ಸಂಜೆ ಆರರಿಂದ ಹತ್ತು, ವಾರಕ್ಕೆ ನಾಲ್ಕು ದಿನ. ಹೈಸ್ಕೂಲ್ ಮುಗಿಸಿದ ದಾಖಲೆ ಬೇಕಂತೆ. ಪಿಯುಸಿ ಮಾರ್ಕ್ಸ್ ಕಾರ್ಡ್ ಸುಳ್ಯದಲ್ಲಿ ಅಮ್ಮನ ಬೀರುವಿನೊಳಗೆ, ಮದುವೆ ಸೀರೆಗಳ ಅಡಿಯಲ್ಲಿ ಉಂಟು, ಬೀಗದ ಕೈ ಅಣ್ಣನ ಹತ್ತಿರ, ಅಣ್ಣ ದುಬೈಯಲ್ಲಿ. ಮಂಡ್ಯದ ಅಣ್ಣ, ಕೇಸು ಹಾಕುವ ಧೈರ್ಯ ನನಗಿಲ್ಲ, ನೀವು ಹಾಕಿದರೆ ಮೆಂತ್ಯದ ಉಂಡೆ ಕಳಿಸುತ್ತೇನೆ.

ಅಕ್ಕ, ಇನ್ನೊಂದೇ ಪ್ರಶ್ನೆ. ಆ ಸ್ವೀಡಿಷ್ ಕ್ಲಾಸಿಗೆ ನಮ್ಮ ಎಣ್ಣೆ ತೆಗೆದುಕೊಂಡು ಹೋಗಬಹುದಾ, ಅಥವಾ ಅವರ ಲೋಷನ್ನೇ ಹಚ್ಚಬೇಕಾ? ಲೋಷನ್ನಿನಲ್ಲಿ ನನ್ನ ಕೈ ಓಡುವುದಿಲ್ಲ.

ತೀರ್ಥಹಳ್ಳಿ ಅಕ್ಕ:

ಮೊದಲ ತಿಂಗಳು ಅವರ ಲೋಷನ್. ಆಮೇಲೆ ಎಳ್ಳೆಣ್ಣೆ ತಗೊಂಡು ಹೋಗಿ, ಆದ್ರೆ ಜೋಡಿಯವರಿಗೆ ಎಳ್ಳಿನ ಅಲರ್ಜಿ ಇದೆಯಾ ಅಂತ ಕೇಳಿ, ಬರೆದಿಟ್ಟುಕೊಳ್ಳಿ. ಶೀಟು ನಿಮ್ಮದೇ ತನ್ನಿ, ಹಳೇದು.